ಬೆಂಗಳೂರಿಂದ ಬಂದವರಿಗೆ ‘ಹಳೆಯ ಪ್ರಾಂತ್ಯ’ ಯಾವುದು?

ಟೊರೊಂಟೊ ಕಡೆಗೆ ಹೊಸದಾಗಿ ಬಂದವರನ್ನು ಇಲ್ಲಿನ ಕನ್ನಡದವರು ಮೂರು ಪ್ರಶ್ನೆ ಕೇಳುತ್ತಾರೆ. ಮನೆ ಸಿಕ್ತಾ? ಕೆಲಸ ಸಿಕ್ತಾ? ಓಹಿಪ್ ಬಂತಾ?

ಓಹಿಪ್ ಅಂದರೆ ಒಂಟಾರಿಯೋ ಹೆಲ್ತ್ ಇನ್ಶೂರೆನ್ಸ್ ಪ್ಲ್ಯಾನ್, ಟೊರೊಂಟೊ ಇರುವ ಒಂಟಾರಿಯೋ ಪ್ರಾಂತ್ಯದ ಸರ್ಕಾರದ ಆರೋಗ್ಯ ವಿಮೆ. ಅದರ ಕಾರ್ಡಿನ ಬಣ್ಣ ಹಸಿರು. ನಮಗೆ ಬಂದ ದಿನ ಊರಿಗೆ ಫೋನ್ ಮಾಡಿ ‘ಹಸಿರು ಕಾರ್ಡು ಬಂತು’ ಅಂದೆ. ‘ಹಾಗಾದ್ರೆ ಅಮೆರಿಕಕ್ಕೆ ಯಾವಾಗ ಹೋಗ್ತೀರಿ?’ ಅಂತ ಅಮ್ಮ ಕೇಳಿದರು.

ನಾವು ಬಂದಿದ್ದು 2016ರಲ್ಲಿ. ಆಗ ಈ ಕಾರ್ಡಿಗೆ ಮೂರು ತಿಂಗಳು ಕಾಯಬೇಕಿತ್ತು. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಕೈಯಲ್ಲಿದ್ದರೂ ಅಷ್ಟೇ, ಮೊದಲ ದಿನದಿಂದ ತೆರಿಗೆ ಕಟ್ಟಿದರೂ ಅಷ್ಟೇ. ಆ ಮೂರು ತಿಂಗಳಿಗೆ ಅಂತ ಖಾಸಗಿ ಪಾಲಿಸಿ ಕೊಂಡಿದ್ದೆವು. ಎರಡನೇ ತಿಂಗಳಲ್ಲಿ ಒಂದು ರಾತ್ರಿ ಮಗಳಿಗೆ ಕಿವಿನೋವು ಶುರುವಾಯಿತು. ಡಾಕ್ಟರ್ ಎಲ್ಲಿ ಸಿಗ್ತಾರೆ ಅಂತ ನೋಡುವ ಮೊದಲು ಪಾಲಿಸಿಯ ಕಾಗದ ಎಲ್ಲಿದೆ ಅಂತ ಸೂಟ್‌ಕೇಸ್ ಕೆದಕಿದೆವು. ಬೆಳಗ್ಗೆ ಒಂದು ಕ್ಲಿನಿಕ್ಕಿಗೆ ಹೋಗಿ, ಮೊದಲು ದುಡ್ಡು ಕೊಟ್ಟು, ರಸೀದಿ ಜೋಪಾನ ಮಾಡಿ ಬಂದೆವು. ಪಕ್ಕದ ಕುರ್ಚಿಯಲ್ಲಿದ್ದವರು ಕಾರ್ಡು ತೋರಿಸಿ ಸುಮ್ನೆ ಒಳಗೆ ಹೋದರು.

ಈ ಮೂರು ತಿಂಗಳು ಯಾವ ಲೆಕ್ಕ? ಅವತ್ತು ಹುಟ್ಟಿದ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸಿಕ್ಕಿದ್ದು ಗೋಧಿ ಬೆಳೆಯುವ ರೈತರ ಕಥೆ.

ಕೆನಡಾದಲ್ಲಿ ಆಸ್ಪತ್ರೆ, ವೈದ್ಯರ ವಿಷಯವೆಲ್ಲ ಪ್ರಾಂತ್ಯಗಳ ಜವಾಬ್ದಾರಿ. ಇಡೀ ದೇಶಕ್ಕೆ ಒಂದೇ ಕಾರ್ಡು ಅಂತ ಇಲ್ಲ. ಕ್ವಿಬೆಕ್‌ನದ್ದು ಬೇರೆ, ಬ್ರಿಟಿಷ್ ಕೊಲಂಬಿಯಾದ್ದು ಬೇರೆ. ಈ ಎಲ್ಲದಕ್ಕೂ ಬೀಜ ಬಿದ್ದಿದ್ದು ಸಸ್ಕ್ಯಾಚೆವನ್ ಪ್ರಾಂತ್ಯದಲ್ಲಿ. ಬಯಲು ನಾಡು, ಚಳಿ, ದೂರ ದೂರದ ಹಳ್ಳಿಗಳು. ಡಾಕ್ಟರುಗಳು ಅಲ್ಲಿ ನಿಲ್ಲುತ್ತಿರಲಿಲ್ಲ. 1914ರ ಸುಮಾರಿಗೆ ಸಾರ್ನಿಯಾ ಅನ್ನುವ ಗ್ರಾಮೀಣ ಪುರಸಭೆಯೊಂದು ತನ್ನ ಡಾಕ್ಟರು ಬಿಟ್ಟು ಹೋಗದಿರಲಿ ಅಂತ ವರ್ಷಕ್ಕೆ 1500 ಡಾಲರ್ ಗೊತ್ತುಮಾಡಿತು. ದುಡ್ಡು ಊರಿನವರ ತೆರಿಗೆಯಿಂದ. ನೋಡಿದ ಸುತ್ತಮುತ್ತಲ ಊರುಗಳೂ ಅದನ್ನೇ ಮಾಡಿದವು. ಸಹಕಾರ ಸಂಘಗಳಲ್ಲಿ ಗೋಧಿ ಮಾರಿ ಅಭ್ಯಾಸವಿದ್ದ ರೈತರಿಗೆ ಇದೇನೂ ದೊಡ್ಡ ಕ್ರಾಂತಿ ಅನ್ನಿಸಲಿಲ್ಲ.

1944ರಲ್ಲಿ ಅಲ್ಲಿ ಟಾಮಿ ಡಗ್ಲಸ್ ಪ್ರೀಮಿಯರ್ ಆದರು. ಪ್ರೀಮಿಯರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅವರ ಪಕ್ಷದ ಹೆಸರಲ್ಲೇ ‘ಕೋಆಪರೇಟಿವ್’ ಇತ್ತು. ಡಗ್ಲಸ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಚಿಕ್ಕವರಿದ್ದಾಗ ಮನೆಯವರ ಜೊತೆ ವಿನ್ನಿಪೆಗ್‌ಗೆ ವಲಸೆ ಬಂದವರು. ಅವರ ಕಾಲಿನ ಮೂಳೆಗೆ ಸೋಂಕು ತಗುಲಿತ್ತು. ಮನೆಯಲ್ಲಿ ದುಡ್ಡಿಲ್ಲ, ಕಾಲು ತೆಗೆಯಬೇಕು ಅನ್ನುವ ಹಂತಕ್ಕೆ ಬಂತು. ಆಗ ಒಬ್ಬ ಶಸ್ತ್ರವೈದ್ಯರು ತಮ್ಮ ವಿದ್ಯಾರ್ಥಿಗಳು ನಿಂತು ನೋಡಲು ಬಿಟ್ಟರೆ ಬಿಟ್ಟಿಯಾಗಿ ಚಿಕಿತ್ಸೆ ಮಾಡ್ತೀನಿ ಅಂದರು. ಕಾಲು ಉಳಿಯಿತು. ಈ ಕಥೆಯನ್ನು ಡಗ್ಲಸ್ ಬದುಕಿಡೀ ಹೇಳಿಕೊಂಡು ಬಂದರು. ಕಾಲು ಉಳಿದಿದ್ದು ಅದೃಷ್ಟದಿಂದ, ಹಾಗಿರಬಾರದಿತ್ತು ಅನ್ನುವುದು ಅವರ ಮಾತಿನ ತಿರುಳು. ಹೊರಗಿನಿಂದ ಬಂದ ಹುಡುಗನ ಕಾಲಿನಿಂದ ಶುರುವಾದ ವಿಮೆ ಮುಂದೆ ಹೊರಗಿನಿಂದ ಬಂದವರನ್ನೇ ಕಾಯಿಸಿತು ಅನ್ನುವುದು ನನಗೆ ಇವತ್ತಿಗೂ ತಮಾಷೆ ಅನ್ನಿಸುತ್ತದೆ.

1947ರ ಜನವರಿ 1ರಿಂದ ಸಸ್ಕ್ಯಾಚೆವನ್‌ನಲ್ಲಿ ಆಸ್ಪತ್ರೆ ಖರ್ಚು ವಿಮೆಗೆ ಸೇರಿತು. ಡಾಕ್ಟರ ಫೀಸೂ ಸೇರಬೇಕು ಅಂದಾಗ ಜಗಳ ಶುರು. 1962ರ ಜುಲೈ 1ರಂದು ಅಲ್ಲಿನ ವೈದ್ಯರು ಮುಷ್ಕರ ಹೂಡಿದರು. 23 ದಿನ ನಡೆಯಿತು. ಸರ್ಕಾರ ಬ್ರಿಟನ್ನಿನಿಂದ ಡಾಕ್ಟರುಗಳನ್ನು ಕರೆಸಿತು. ಕೊನೆಗೆ ರಾಜಿಯಾಯಿತು, ಯೋಜನೆ ಉಳಿಯಿತು. 1966ರಲ್ಲಿ ಕೇಂದ್ರ ಸರ್ಕಾರ ಅರ್ಧ ಖರ್ಚು ತಾನು ಕೊಡ್ತೀನಿ ಅಂತ ಕಾನೂನು ಮಾಡಿದ ಮೇಲೆ ಒಂದೊಂದಾಗಿ ಎಲ್ಲ ಪ್ರಾಂತ್ಯಗಳೂ ಬಂದವು. ಒಂಟಾರಿಯೋ ಮನಸ್ಸಿಲ್ಲದ ಮನಸ್ಸಿನಿಂದ 1969ರಲ್ಲಿ ಸೇರಿತು. ಓಹಿಪ್ ಅನ್ನುವ ಹೆಸರು ಬಂದಿದ್ದು 1972ರಲ್ಲಿ.

ಇನ್ನು ಮೂರು ತಿಂಗಳ ವಿಷಯ. ಇಡೀ ಕಥೆಯಲ್ಲಿ ನಿಧಾನವಾಗಿ ನೋಡಬೇಕಾದ ಜಾಗ ಇದೇ.

ಪ್ರಾಂತ್ಯಕ್ಕೊಂದು ವಿಮೆ ಅಂದಮೇಲೆ, ಒಂದು ಪ್ರಾಂತ್ಯ ಬಿಟ್ಟು ಇನ್ನೊಂದಕ್ಕೆ ಹೋದವರ ಗತಿ ಏನು? 1984ರ ಕೆನಡಾ ಹೆಲ್ತ್ ಆ್ಯಕ್ಟ್ ಇದಕ್ಕೊಂದು ದಾರಿ ಹೇಳಿತು. ಆಗ ಆರೋಗ್ಯ ಸಚಿವೆ ಮೊನೀಕ್ ಬೆಗಾನ್. ಹೊಸ ಪ್ರಾಂತ್ಯ ಕಾಯಿಸಬಹುದು, ಆದರೆ ಮೂರು ತಿಂಗಳಿಗಿಂತ ಜಾಸ್ತಿ ಕಾಯಿಸುವ ಹಾಗಿಲ್ಲ. ಅಲ್ಲಿಯವರೆಗೆ ಖರ್ಚು ಹಳೆಯ ಪ್ರಾಂತ್ಯದ್ದು. ಅಂದರೆ ಸಸ್ಕ್ಯಾಚೆವನ್‌ನ ರೆಜೈನಾದಿಂದ ಟೊರೊಂಟೊಗೆ ಬಂದವರ ಕೈ ಒಂದು ದಿನವೂ ಖಾಲಿ ಇರುವುದಿಲ್ಲ. ಬಾಡಿಗೆ ಮನೆ ಬದಲಿಸುವಾಗ ಹಳೇ ಮನೆಯ ಬೀಗದ ಕೈ ಇನ್ನೂ ನಮ್ಮ ಹತ್ತಿರವೇ ಇರುತ್ತಲ್ಲ, ಹಾಗೆ. ಒಳ್ಳೆಯ ಏರ್ಪಾಟು.

ಆದರೆ ಬೆಂಗಳೂರಿಂದ ಬಂದವರಿಗೆ ಹಳೆಯ ಪ್ರಾಂತ್ಯ ಯಾವುದು? ಯಾವುದೂ ಇಲ್ಲ. ಕಾನೂನು ಇವರನ್ನು ಕಾಯಿಸಿ ಅಂತ ಎಲ್ಲೂ ಹೇಳಿಲ್ಲ. ಕಾಯಿಸಬೇಡಿ ಅಂತಲೂ ಹೇಳಿಲ್ಲ. ಆ ಸಂದಿಯಲ್ಲಿ ಹೊರದೇಶದಿಂದ ಬಂದವರು ಸಿಕ್ಕಿಕೊಂಡರು.

ಒಂಟಾರಿಯೋ ಆ ಸಂದಿಯನ್ನು ಬಳಸಿದ್ದು 1994ರಲ್ಲಿ. ಪ್ರಾಂತ್ಯದ ಖಜಾನೆ ಬರಿದಾಗಿತ್ತು, ಎಲ್ಲಿ ಉಳಿಸೋದು ಅಂತ ಹುಡುಕಾಟ ನಡೆದಿತ್ತು. ಹೊಸ ವಲಸಿಗರಿಗೆ ಮೂರು ತಿಂಗಳು ವಿಮೆ ಇಲ್ಲ ಅಂತಾಯಿತು. ವಿದೇಶಿ ವಿದ್ಯಾರ್ಥಿಗಳನ್ನು ಯೋಜನೆಯಿಂದಲೇ ಹೊರಗಿಟ್ಟರು. ವಿಶ್ವವಿದ್ಯಾಲಯಗಳು ಅವರಿಗಾಗಿ ಯೂಹಿಪ್ ಅನ್ನುವ ಬೇರೆ ವಿಮೆ ಮಾಡಿಕೊಂಡವು. ಎಂಎಸ್ ಮಾಡಲು ಬರುವ ನಮ್ಮ ಹುಡುಗರು ಇವತ್ತಿಗೂ ಫೀಸಿನ ಜೊತೆ ಕಟ್ಟುವುದು ಅದನ್ನೇ. ಹೊಸ ನಿಯಮವನ್ನು ಹೊರಡಿಸಿದ್ದು ಯಾರೋ ಕಟುಕರು ಅಂದುಕೊಳ್ಳಬೇಡಿ. ಆಗ ಅಧಿಕಾರದಲ್ಲಿದ್ದದ್ದು ಬಾಬ್ ರೇ ಅವರ ಎನ್‌ಡಿಪಿ, ಡಗ್ಲಸ್ ಪಕ್ಷದ ನೇರ ವಾರಸುದಾರ!

ವಿಷಯ ಕೋರ್ಟಿಗೂ ಹೋಯಿತು. 2001ರಲ್ಲಿ ಒಂಟಾರಿಯೋ ಮೇಲ್ಮನವಿ ನ್ಯಾಯಾಲಯ ಮೂರು ತಿಂಗಳ ಕಾಯುವಿಕೆ ಸಂವಿಧಾನಕ್ಕೆ ವಿರುದ್ಧವಲ್ಲ ಅಂದಿತು. ನವಜಾತ ಶಿಶುಗಳು, ನಿರಾಶ್ರಿತರು ಮುಂತಾದವರಿಗೆ ವಿನಾಯಿತಿ ಇತ್ತು. ತುಂಬಿದ ಬಸುರಿಗೆ ಇರಲಿಲ್ಲ. ಹುಟ್ಟಿದ ಮಗುವಿಗೆ ಮೊದಲ ದಿನವೇ ವಿಮೆ, ಹೆತ್ತ ತಾಯಿಗೆ ಬಿಲ್ಲು! ಅಂಥವರ ಕೈ ಹಿಡಿದದ್ದು ಸೂಲಗಿತ್ತಿಯರು. ಒಂಟಾರಿಯೋದಲ್ಲಿ ಸೂಲಗಿತ್ತಿ ಅಂದರೆ ಓದಿ ನೋಂದಣಿಯಾದ ವೃತ್ತಿಪರರು, ಅವರ ಸೇವೆಗೆ ಓಹಿಪ್ ಕಾರ್ಡು ಬೇಕಿಲ್ಲ. ಸಮುದಾಯ ಆರೋಗ್ಯ ಕೇಂದ್ರಗಳೂ ಕೈಲಾದಷ್ಟು ನೋಡಿಕೊಂಡವು. 2011ರ ಹೊತ್ತಿಗೆ ಒಂಟಾರಿಯೋ ವೈದ್ಯರ ಸಂಘವೇ ಈ ಕಾಯುವಿಕೆ ತೆಗೆಯಿರಿ ಅನ್ನತೊಡಗಿತ್ತು. ಹಿಂದೊಮ್ಮೆ ಸರ್ಕಾರಿ ವಿಮೆ ಬೇಡ ಅಂತ ಬೀದಿಗಿಳಿದ ವೃತ್ತಿ, ಈಗ ಅದು ಇನ್ನಷ್ಟು ಜನಕ್ಕೆ ಸಿಗಲಿ ಅನ್ನುತ್ತಿತ್ತು.

ಸರ್ಕಾರಗಳು ಬದಲಾದವು, ನಿಯಮ ಬದಲಾಗಲಿಲ್ಲ. ಅಷ್ಟರಲ್ಲಿ ಕೋವಿಡ್ ಬಂತು. ಕೆಮ್ಮುತ್ತಿರುವವರು ಕಾರ್ಡಿಲ್ಲ ಅಂತ ಮನೆಯಲ್ಲೇ ಕೂತರೆ ಕಾರ್ಡು ಇದ್ದವರಿಗೂ ಅಪಾಯ ಅಲ್ವಾ? 2020ರ ಮಾರ್ಚ್ 19ರಂದು ಮೂರು ತಿಂಗಳ ಕಾಯುವಿಕೆ ಹೋಯಿತು. 26 ವರ್ಷ ಅಲುಗದೆ ನಿಂತಿದ್ದು ಒಂದು ಪ್ರಕಟಣೆಯಲ್ಲಿ ಮುಗಿಯಿತು. ಅದೇ ವಾರ ವಿಮೆಯೇ ಇಲ್ಲದವರ ಆಸ್ಪತ್ರೆ ಖರ್ಚನ್ನೂ ಭರಿಸುತ್ತೇವೆ ಅಂದಿದ್ದರು, ಅದು 2023ರ ಮಾರ್ಚ್ 31ಕ್ಕೆ ನಿಂತುಹೋಯಿತು. ಕಾಯುವಿಕೆ ಮಾತ್ರ ಮರಳಿ ಬರಲಿಲ್ಲ.

ಈಗ ಬಂದವರು ಮೊದಲ ವಾರವೇ ಸರ್ವೀಸ್ ಒಂಟಾರಿಯೋ ಅನ್ನುವ ಸರ್ಕಾರಿ ಕಚೇರಿಯ ಕೌಂಟರಿಗೆ ಹೋಗಬಹುದು. ಅರ್ಜಿಗೆ ದುಡ್ಡಿಲ್ಲ. ಮೂರು ದಾಖಲೆ ಬೇಕು: ವಲಸೆಯ ಸ್ಥಿತಿಗೆ ಒಂದು, ಒಂಟಾರಿಯೋದಲ್ಲಿ ವಾಸ ಇದ್ದೀರಿ ಅನ್ನುವುದಕ್ಕೆ ಒಂದು, ನೀವು ನೀವೇ ಅನ್ನುವುದಕ್ಕೆ ಒಂದು. ಎಲ್ಲ ಅಸಲಿ ಪ್ರತಿ. ನಾನು ಬೆಂಗಳೂರಿನ ಅಭ್ಯಾಸದಂತೆ ಎಲ್ಲದರ ಜೆರಾಕ್ಸ್ ಮೂರು ಮೂರು ಮಾಡಿಸಿ, ಗೆಜೆಟೆಡ್ ಅಧಿಕಾರಿ ಸಿಗಲಿಲ್ಲವಲ್ಲ ಅಂತ ಪೇಚಾಡಿ, ಅಸಲಿಯನ್ನು ಮನೆಯ ಬೀರುವಿನಲ್ಲಿ ಭದ್ರವಾಗಿಟ್ಟು ಹೋಗಿದ್ದೆ. ಕೌಂಟರಿನಾಕೆ ನಗುತ್ತಾ ವಾಪಸ್ ಕಳಿಸಿದರು. ಎರಡನೇ ಸಲ ಹೋದಾಗ ಫೋಟೋ ತೆಗೆದರು, ನಗಬಾರದು ಅಂದರು. ಕೆಲವು ವಾರದ ನಂತರ ಅಂಚೆಯಲ್ಲಿ ಕಾರ್ಡು ಬಂತು. ಹತ್ತು ಅಂಕಿ, ಕೊನೆಗೆ ಎರಡು ಅಕ್ಷರ.

ಆ ಫೋಟೋಗೆ ಕಾರಣ ಇದೆ. 1990ರಲ್ಲಿ ತಂದ ಕೆಂಪು-ಬಿಳಿ ಕಾರ್ಡಿನಲ್ಲಿ ಫೋಟೋ ಇರಲಿಲ್ಲ, ಅವಧಿಯೂ ಇರಲಿಲ್ಲ. ಯಾರ ಕಾರ್ಡು ಯಾರ ಕೈಯಲ್ಲಿದ್ದರೂ ನಡೆಯುತ್ತಿತ್ತು. ಹಾಗಾಗಿ 1995ರಿಂದ ಫೋಟೋ ಇರುವ ಹಸಿರು ಕಾರ್ಡು ಶುರುಮಾಡಿದರು. ಆದರೂ ಹಳೇ ಕಾರ್ಡು ಬದಲಿಸುವ ಕೆಲಸ ಎಷ್ಟು ನಿಧಾನ ಅಂದರೆ, 2006ರಲ್ಲಿ ಪ್ರಾಂತ್ಯದ ಲೆಕ್ಕ ತಪಾಸಣೆ ನೋಡಿದಾಗ ಜನರಿಗಿಂತ ಕಾರ್ಡುಗಳೇ ಲಕ್ಷಗಟ್ಟಲೆ ಜಾಸ್ತಿ ಇದ್ದವು. ನಮ್ಮ ರೇಷನ್ ಕಾರ್ಡಿನ ಕಥೆ ನೆನಪಾಯಿತಾ?

ಕಾಯುವುದು ತಪ್ಪಿತು ಅಂದಮಾತ್ರಕ್ಕೆ ‘ಇಲ್ಲಿ ಇದ್ದೀರಾ?’ ಅನ್ನುವ ಪ್ರಶ್ನೆ ತಪ್ಪಲಿಲ್ಲ. ಯಾವುದೇ 12 ತಿಂಗಳಲ್ಲಿ 153 ದಿನ ಒಂಟಾರಿಯೋದಲ್ಲಿ ಇರಬೇಕು. ಹೊಸಬರಿಗೆ ಇನ್ನೂ ಬಿಗಿ: ಬಂದ ಮೊದಲ 183 ದಿನದಲ್ಲಿ 153 ದಿನ ಇಲ್ಲೇ ಇರಬೇಕು. ಅಂದರೆ ರಜೆ 30 ದಿನ ಮಾತ್ರ. ನಮ್ಮವರಲ್ಲಿ ‘ಸಾಫ್ಟ್ ಲ್ಯಾಂಡಿಂಗ್’ ಅಂತ ಒಂದು ರೂಢಿ ಇದೆ. ಬಂದು ಇಳಿದು, ಪಿಆರ್‌ನ ಕೆಲಸ ಮುಗಿಸಿ, ನೋಟಿಸ್ ಪೀರಿಯಡ್ ಕಳೆಯಲು ಮತ್ತೆ ಬೆಂಗಳೂರಿಗೆ ಹೋಗುವುದು. ವಲಸೆ ಇಲಾಖೆಗೆ ಅದು ಸರಿ. ಓಹಿಪ್‌ಗೆ ಅದು ವಾಸ ಅಲ್ಲ. ಸಂಸಾರ ಸಮೇತ ನೆಲೆಸಲು ಬಂದಾಗಲೇ ಅರ್ಜಿ ಹಾಕುವುದು ಮೇಲು. ವರ್ಕ್ ಪರ್ಮಿಟ್‌ನವರು ಒಂಟಾರಿಯೋದ ಕಂಪನಿಯಲ್ಲಿ ಕನಿಷ್ಠ ಆರು ತಿಂಗಳ ಪೂರ್ಣಾವಧಿ ಕೆಲಸ ತೋರಿಸಬೇಕು. ದಿನ ಎಣಿಸುವ ಆಟ ನಮಗೂ ಹೊಸದೇನಲ್ಲ. ಆಧಾರ್ ಮಾಡಿಸಲು ಅನಿವಾಸಿಗಳು 182 ದಿನ ಭಾರತದಲ್ಲಿ ಇರಬೇಕು ಅನ್ನುವ ನಿಯಮ ಇತ್ತು, ಭಾರತದ ಪಾಸ್‌ಪೋರ್ಟ್ ಇದ್ದವರಿಗೆ 2019ರಲ್ಲಿ ಅದನ್ನು ಸಡಿಲಿಸಿದರು.

ಕಾರ್ಡು ಸಿಕ್ಕಿತು ಅಂದರೆ ಡಾಕ್ಟರ್ ಸಿಕ್ಕರು ಅಂತಲೂ ಅಲ್ಲ. 2024ರಲ್ಲಿ ಒಂಟಾರಿಯೋದ 20 ಲಕ್ಷಕ್ಕೂ ಹೆಚ್ಚು ಜನರಿಗೆ ಫ್ಯಾಮಿಲಿ ಡಾಕ್ಟರ್ ಇರಲಿಲ್ಲ. ದೊಡ್ಡವರ ಹಲ್ಲು, ಕನ್ನಡಕ, ಮಾತ್ರೆ ಬಹುಪಾಲು ಹೊರಗೆ. ಪುಕ್ಕಟೆಯೂ ಅಲ್ಲ. 1990ರವರೆಗೆ ತಿಂಗಳ ಕಂತು ಇತ್ತು, ಆಮೇಲೆ ಅದು ಮಾಲೀಕರ ಮೇಲಿನ ತೆರಿಗೆಯಾಯಿತು. 2004ರಿಂದ ಆದಾಯ ತೆರಿಗೆಯ ಜೊತೆ ವರ್ಷಕ್ಕೆ 900 ಡಾಲರ್‌ವರೆಗೆ ಆರೋಗ್ಯದ ಕಂತು ಬೇರೆ.

ಇನ್ನು ಅಪ್ಪ-ಅಮ್ಮ. 2011ರ ಡಿಸೆಂಬರ್‌ನಲ್ಲಿ ಶುರುವಾದ ಸೂಪರ್ ವೀಸಾದಲ್ಲಿ ಅವರು ಈಗ ಒಂದು ಸಲಕ್ಕೆ 5 ವರ್ಷ ಇರಬಹುದು. ನಮ್ಮ ಜೊತೆ ಒಂದೇ ಸೂರಿನಡಿ ಐದು ಚಳಿಗಾಲ ಕಳೆದರೂ ಓಹಿಪ್ ಲೆಕ್ಕದಲ್ಲಿ ಅವರು ಬಂದು ಹೋಗುವವರೇ. ಕನಿಷ್ಠ 1 ಲಕ್ಷ ಡಾಲರ್‌ನ ಖಾಸಗಿ ವಿಮೆ ಮಾಡಿಸಬೇಕು. ಬಿಪಿ, ಶುಗರ್ ಇದ್ದರೆ ಕಂತು ಏರುತ್ತದೆ. ನಮ್ಮ ಅಮ್ಮನಿಗೆ ಎರಡೂ ಇವೆ.

ಅಮ್ಮ ಬರುವಾಗ ಪರ್ಸಿನಲ್ಲಿ ಯಶಸ್ವಿನಿ ಕಾರ್ಡು ಇಟ್ಟುಕೊಂಡೇ ಬಂದರು. ಯಶಸ್ವಿನಿ 2003ರಲ್ಲಿ ಸಹಕಾರ ಸಂಘದ ರೈತರಿಗೆ ಅಂತ ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ಶುರುವಾದದ್ದು. 2018ರಲ್ಲಿ ನಿಂತು 2023ರಲ್ಲಿ ಮತ್ತೆ ಎದ್ದಿತು. ನಮ್ಮೂರ ಸೊಸೈಟಿ ಸದಸ್ಯರಾದ್ದರಿಂದ ಅಮ್ಮನಿಗೆ ಅದು ಸಿಕ್ಕಿದೆ. ಊಟವಾದ ಮೇಲೆ ಎರಡೂ ಕಾರ್ಡನ್ನು ಟೇಬಲ್ಲಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರು.

‘ನಮ್ಮದಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಿಮ್ಮದಕ್ಕೆ ಎಷ್ಟು?’

‘ಇದಕ್ಕೆ ಹಾಗೆಲ್ಲ ಮಿತಿ ಇಲ್ಲಮ್ಮ.’

‘ಮತ್ತೆ ಹಲ್ಲಿಗೆ ಕ್ಯಾಪ್ ಹಾಕಿಸ್ಕೊಳ್ಳೋಕೆ ಹೋದ ವರ್ಷ ಊರಿಗೆ ಯಾಕೆ ಬಂದಿದ್ದೆ?’