ಬ್ರಿಕೊಲೊ ಯಾರು? ಮೊದಲು ಹೆಸರು, ಆಮೇಲೆ ಸಿನಿಮಾ ಕಳೆದುಹೋದ ಕಥೆ

1960ರ ದಶಕದಲ್ಲಿ ಫ್ರಾನ್ಸಿನ ತುಲೂಸ್ ಸಿನಿಮಾ ಭಂಡಾರದ ರೇಮಂ ಬೋರ್ದ್ ಅವರ ಕೈಗೆ ಕೆಲವು ಹಳೆಯ ರೀಲುಗಳು ಬಂದವು. ಅವುಗಳ ಮೇಲಿದ್ದ ಹೆಸರು ‘ಬ್ರಿಕೊಲೊ’. ಅಂಥ ನಟ ಯಾವ ಪಟ್ಟಿಯಲ್ಲೂ ಇರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಚಾರ್ಲಿ ಬವರ್ಸ್. ‘ಮಟ್ ಅಂಡ್ ಜೆಫ್’ ಕಾರ್ಟೂನುಗಳಲ್ಲಿ ಪಳಗಿ, ಬೊಂಬೆಗಳನ್ನು ಚೂರುಚೂರೇ ಸರಿಸಿ ಚಿತ್ರ ತೆಗೆಯುವ ಚಮತ್ಕಾರವನ್ನು ಬಿದ್ದು ಎದ್ದು ನಗಿಸುವ ಹಾಸ್ಯದೊಳಗೆ ತಂದವನು.

1926ರ ‘ಎಗ್ಡ್ ಆನ್’ ನೋಡಿ. ಒಡೆಯದ ಮೊಟ್ಟೆ ತಯಾರಿಸಲು ಹೊರಟವನ ಕಥೆ. ಕಾರಿನ ಎಂಜಿನ್ ಕಾವಿಗೆ ಮೊಟ್ಟೆಗಳು ಬಿರಿದು, ಒಂದೊಂದರಿಂದಲೂ ಅಂಗೈಯಗಲದ ಕಾರು ಹೊರಬರುತ್ತದೆ. ಮರಿಗಳೆಲ್ಲ ತೆವಳಿಕೊಂಡು ದೊಡ್ಡ ಕಾರಿನ ಹೊಟ್ಟೆಯಡಿ ಸೇರುತ್ತವೆ, ಹೇಂಟೆಯಡಿ ಸೇರಿದ ಹಾಗೆ. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟು. ಪ್ರತಿ ಚೌಕಟ್ಟಿಗೂ ಆ ಕಾರುಗಳನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರ ತೆಗೆಯಬೇಕು. ಇಷ್ಟು ಮಾಡಿದವನನ್ನು ಜನ ಮರೆತದ್ದು ನಗು ಬರಲಿಲ್ಲ ಎಂದಲ್ಲ. ಮೊದಲ ಕಾರಣ ಹೆಸರಿನದು.

ಮೂಕಿಚಿತ್ರಕ್ಕೆ ಮಾತಿಲ್ಲ. ನಡುವಿನ ಬರಹದ ಕಾರ್ಡುಗಳನ್ನು ಬದಲಿಸಿದರೆ ಯಾವ ದೇಶದಲ್ಲಾದರೂ ಓಡುತ್ತದೆ. ಹಂಚಿಕೆದಾರರು ಕಾರ್ಡಿನ ಜೊತೆ ನಟನ ಹೆಸರನ್ನೂ ಬದಲಿಸಿದರು. ಬವರ್ಸ್ ಫ್ರಾನ್ಸಿನಲ್ಲಿ ಬ್ರಿಕೊಲೊ ಆದದ್ದು ಹೀಗೆ. ಲ್ಯಾರಿ ಸೀಮನ್ ಇಟಲಿಯಲ್ಲಿ ರಿದೊಲಿನಿ, ಫ್ರಾನ್ಸಿನಲ್ಲಿ ಜಿಗೊಟೊ. ಮಾರ್ಸೆಲ್ ಪೆರೆಸ್ ಇಟಲಿಯಲ್ಲಿ ರೋಬಿನೆ, ಅಮೆರಿಕಕ್ಕೆ ಹೋದ ಮೇಲೆ ಟ್ವೀಡಲ್‌ಡಮ್. ಇಟಲಿಯನ್ನು ನಗಿಸಿದ ‘ಕ್ರೆತಿನೆತ್ತಿ’ ಅಸಲಿಗೆ ಫ್ರೆಂಚ್ ನಟ ಆಂದ್ರೆ ದೀದ್. ಒಬ್ಬನಿಗೇ ಮೂರು ನಾಲ್ಕು ಹೆಸರು, ಯಾವುದೂ ಇನ್ನೊಂದಕ್ಕೆ ತಾಳೆಯಾಗದು.

ಇನ್ನೊಂದು ಕಾರಣ ಪ್ರೊಜೆಕ್ಟರಿನದು. ಪ್ರತಿ ಆಟಕ್ಕೂ ರೀಲಿನ ತುದಿಯನ್ನೇ ಎಳೆದು ಹಲ್ಲುಚಕ್ರಗಳ ನಡುವೆ ಪೋಣಿಸಬೇಕು. ಗೀರು ಬೀಳುವುದೂ ಅಲ್ಲೇ, ಹರಿಯುವುದೂ ಅಲ್ಲೇ. ಹರಿದಷ್ಟನ್ನು ಕತ್ತರಿಸಿ ಬಿಸಾಕುತ್ತಿದ್ದರು. ಸಿನಿಮಾದ ಹೆಸರು, ನಟನ ಹೆಸರು ಇರುವುದೂ ಅದೇ ತುದಿಯಲ್ಲಿ!

ಉಳಿದದ್ದನ್ನು ನೈಟ್ರೇಟ್, ಅಂದರೆ ಆ ಕಾಲದ ಫಿಲ್ಮು ಮಾಡುತ್ತಿದ್ದ ರಾಸಾಯನಿಕ ವಸ್ತುವೇ, ತಿಂದಿತು. ಚಿತ್ರ ಮೊದಲು ಮಾಸುತ್ತದೆ, ಆಮೇಲೆ ಫಿಲ್ಮು ಅಂಟಂಟಾಗಿ ಗುಳ್ಳೆ ಏಳುತ್ತದೆ, ಸುತ್ತುಗಳೆಲ್ಲ ಕೂಡಿ ಗಟ್ಟಿಯಾಗುತ್ತವೆ, ಕೊನೆಗೆ ಕಂದು ಪುಡಿ. ಡಬ್ಬಿ ಬಿಗಿಯಾಗಿದ್ದರೆ ಒಳಗೇ ಹುಟ್ಟುವ ಆಮ್ಲದ ಅನಿಲ ಹೊರಹೋಗಲಾರದೆ ಕೊಳೆತವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಬೆಂಕಿ ಹತ್ತಿದರಂತೂ ನೀರಿಗೂ ಆರದು, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್ ಕಂಪನಿಯ ದಾಸ್ತಾನು ಸುಟ್ಟುಹೋದದ್ದು ಹೀಗೇ. ಅಮೆರಿಕದ 10,919 ಪೂರ್ಣಾವಧಿ ಮೂಕಿಗಳಲ್ಲಿ ಮೂಲ 35 ಮಿ.ಮೀ. ರೂಪದಲ್ಲಿ ಪೂರ್ತಿ ಉಳಿದದ್ದು ಶೇ. 14 ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಕೊಟ್ಟಿತು. ಎರಡು ರೀಲಿನ ಕಿರು ಹಾಸ್ಯಚಿತ್ರಗಳಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

ಅವುಗಳ ಪೈಕಿ ಎಷ್ಟೋ ಉಳಿದದ್ದು ಮನೆ ಪ್ರೊಜೆಕ್ಟರಿನ ದಯೆಯಿಂದ. 1922ರಲ್ಲಿ ಪಾಥೆ ಕಂಪನಿಯ 9.5 ಮಿ.ಮೀ., ಮರುವರ್ಷ ಕೊಡಾಕ್‌ನ 16 ಮಿ.ಮೀ. ಬಂದವು. ಎರಡೂ ಸುಲಭವಾಗಿ ಬೆಂಕಿ ಹತ್ತದ ಫಿಲ್ಮು. ಆದರೆ ಮನೆಗೆಂದು ಮಾರುವಾಗ ಕಥೆಯನ್ನು ಮೊಟಕು ಮಾಡಿ, ಶೀರ್ಷಿಕೆಯನ್ನೂ ಬದಲಿಸುತ್ತಿದ್ದರು. ಸಿನಿಮಾ ಉಳಿಯಿತು, ಹೆಸರು ಮತ್ತೆ ಹೋಯಿತು.

ಹೆಸರಿಲ್ಲದ ರೀಲು ಸಿಕ್ಕರೆ ಮೊದಲು ನೋಡುವುದು ಅಂಚನ್ನು. ಕೊಡಾಕ್ ಫಿಲ್ಮಿನ ಅಂಚಿನಲ್ಲಿ ತಯಾರಾದ ವರ್ಷಕ್ಕೆ ಒಂದು ಗುರುತು ಇರುತ್ತದೆ: ವೃತ್ತ ಇದ್ದರೆ 1916, ಚೌಕ ಇದ್ದರೆ 1917, ತ್ರಿಕೋನ ಇದ್ದರೆ 1918. ಎಡವುವುದು ಎರಡು ಕಡೆ. ಗುರುತುಗಳು 20 ವರ್ಷಕ್ಕೊಮ್ಮೆ ಮರಳಿ ಬರುತ್ತವೆ, ಹಾಗಾಗಿ ವೃತ್ತ 1936ರದ್ದೂ ಆಗಬಹುದು. ಜೊತೆಗೆ ನೆಗೆಟಿವ್‌ನ ಗುರುತು ಪ್ರಿಂಟಿನ ಮೇಲೂ ಅಚ್ಚಾಗಬಹುದು. ಎರಡು ಗುರುತು ಕಂಡರೆ ಒಂದು ಮೂಲದ್ದು, ಇನ್ನೊಂದು ಪ್ರತಿಯದ್ದು. ಇನ್ನು ಹರಿದ ತುದಿಯಲ್ಲಿ ಯಾರೋ ಅಂಟಿಸಿದ ಬೇರೆ ಸಿನಿಮಾದ ಶೀರ್ಷಿಕೆಯನ್ನು ನಂಬಿದರೆ ಮುಗಿಯಿತು.

ಅಂಚೂ ಸುಳಿವು ಕೊಡದಿದ್ದಾಗ ಜನರನ್ನೇ ಕೇಳುವುದು. ಲೈಬ್ರರಿ ಆಫ್ ಕಾಂಗ್ರೆಸ್ 2012ರಲ್ಲಿ ವರ್ಜೀನಿಯಾದ ಕಲ್ಪೆಪರ್‌ನಲ್ಲಿ ‘ಮೋಸ್ಟ್ಲಿ ಲಾಸ್ಟ್’ ಎಂಬ ಕೂಟ ಶುರುಮಾಡಿತು. ಹೆಸರಿಲ್ಲದ ತುಣುಕುಗಳನ್ನು ಪರದೆಗೆ ಬಿಡುತ್ತಿದ್ದರು. ಸಾಮಾನ್ಯ ಚಿತ್ರಮಂದಿರದಲ್ಲಿ ಮಾಡಬಾರದ್ದೆಲ್ಲ ಅಲ್ಲಿ ಮಾಡಬೇಕಿತ್ತು: ಫೋನು ತೆಗೆದು ಹುಡುಕುವುದು, ಕಾರಿನ ನಂಬರು, ಅಂಗಡಿಯ ಬೋರ್ಡು, ಮೀಸೆಯ ಆಕಾರ ಕಂಡ ಕೂಡಲೇ ಕೂಗುವುದು.