ಸೀರೀಸ್‌ನಲ್ಲಿ 60 ವ್ಯಾಟ್ ಬಲ್ಬೇ ಜಾಸ್ತಿ ಬೆಳಗುವುದು ಏಕೆ?

ಪ್ರಶ್ನೆ: ತಂತಿ ಕಾದು ಉರಿಯುವ ಹಳೆಯ ಬಲ್ಬುಗಳಲ್ಲಿ 60 ವ್ಯಾಟಿನದೊಂದು, 100 ವ್ಯಾಟಿನದೊಂದು ತೆಗೆದುಕೊಂಡು ಒಂದರ ಹಿಂದೆ ಒಂದರಂತೆ ಸೀರೀಸ್‌ನಲ್ಲಿ ಜೋಡಿಸಿದರೆ 60 ವ್ಯಾಟಿನದೇ ಜಾಸ್ತಿ ಬೆಳಕು ಕೊಡುತ್ತದಂತೆ. ನಿಜವಾ?

ಉತ್ತರ: ನಿಜ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಇದೊಂದನ್ನು ಬಿಡಿಸಿಕೊಂಡರೆ ಸೀರೀಸ್, ಪ್ಯಾರಲಲ್ ಎರಡೂ ಒಟ್ಟಿಗೇ ಅರ್ಥವಾಗುತ್ತವೆ.

ಗೊಂದಲ ಶುರುವಾಗುವುದು ಬಲ್ಬಿನ ಮೇಲಿನ ಅಂಕಿಯಿಂದ. ‘100 ವ್ಯಾಟ್’ ಅಂತ ಇದ್ದರೆ ಎಲ್ಲಿ ಹಾಕಿದರೂ 100 ವ್ಯಾಟೇ ಅಂದುಕೊಳ್ಳುತ್ತೇವೆ. ಪಕ್ಕದಲ್ಲೇ ‘230 ವೋಲ್ಟ್’ ಅಂತಲೂ ಬರೆದಿರುತ್ತದೆ, ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಪೂರ್ತಿ 230 ವೋಲ್ಟ್ ಸಿಕ್ಕರೆ ಮಾತ್ರ ಅದು 100 ವ್ಯಾಟ್. ಹಾಗಾಗಿ ನೋಡಬೇಕಾದದ್ದು ಒಳಗಿನ ತಂತಿ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅನ್ನುವುದನ್ನು. ಶಾಲೆಯಲ್ಲಿ ರೋಧ ಅಂತ ಓದಿದ್ದೆವಲ್ಲ, ಅದೇ. ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. 100 ವ್ಯಾಟಿನದಕ್ಕೆ 529 ಓಮ್, 60 ವ್ಯಾಟಿನದಕ್ಕೆ ಸುಮಾರು 882 ಓಮ್. ಕಡಿಮೆ ವ್ಯಾಟಿನ ಬಲ್ಬಿನ ರೋಧವೇ ಜಾಸ್ತಿ, ಅಲ್ವಾ? ಇಡೀ ಒಗಟಿನ ಕೀಲಿ ಇಲ್ಲೇ ಇದೆ.

ಪ್ಯಾರಲಲ್, ಅಂದರೆ ಸಮಾಂತರ ಜೋಡಣೆ ಸುಲಭ. ಪ್ರತಿ ಬಲ್ಬಿಗೂ ಅದರದೇ ದಾರಿ, ಪ್ರತಿಯೊಂದಕ್ಕೂ ಪೂರ್ತಿ 230 ವೋಲ್ಟ್. ರೋಧ ಕಡಿಮೆ ಇರುವ 100 ವ್ಯಾಟ್ ಬಲ್ಬು ಜಾಸ್ತಿ ಕರೆಂಟ್ ಎಳೆದು ಜಾಸ್ತಿ ಬೆಳಗುತ್ತದೆ. ಮನೆಯ ವೈರಿಂಗ್ ಹೀಗೇ ಇರುವುದು. ಅದಕ್ಕೇ ಒಂದು ಕೋಣೆಯ ದೀಪ ಆರಿಸಿದರೆ ಇನ್ನೊಂದು ಕೋಣೆಯದು ಆರುವುದಿಲ್ಲ.

ಸೀರೀಸ್‌ನಲ್ಲಿ, ಅಂದರೆ ಸರಣಿ ಜೋಡಣೆಯಲ್ಲಿ, ಇರುವುದು ಒಂದೇ ದಾರಿ. ಮೊದಲ ಬಲ್ಬು ಕರೆಂಟನ್ನು ಖರ್ಚು ಮಾಡಿ, ಉಳಿದದ್ದನ್ನು ಎರಡನೆಯದಕ್ಕೆ ಬಿಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೆ ಆಗುವುದಿಲ್ಲ. ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಬಲ್ಬುಗಳನ್ನು ಹಿಂದೆಮುಂದೆ ಮಾಡಿ ನೋಡಿ, ಏನೂ ಬದಲಾಗುವುದಿಲ್ಲ. ಪಾಲಾಗುವುದು ವೋಲ್ಟೇಜು. ರೋಧ ಜಾಸ್ತಿ ಇದ್ದವರಿಗೆ ಜಾಸ್ತಿ ಪಾಲು.

ಲೆಕ್ಕ ಹಾಕೋಣ. ಒಟ್ಟು ರೋಧ ಸುಮಾರು 1,411 ಓಮ್, ಹರಿಯುವ ಕರೆಂಟ್ ಸುಮಾರು 0.16 ಆಂಪಿಯರ್. 60 ವ್ಯಾಟ್ ಬಲ್ಬಿಗೆ 144 ವೋಲ್ಟ್ ಸಿಗುತ್ತದೆ, 100 ವ್ಯಾಟಿನದಕ್ಕೆ ಬರೀ 86. ಮೊದಲನೆಯದು ಸುಮಾರು 23 ವ್ಯಾಟ್ ಬಳಸಿದರೆ ಎರಡನೆಯದು 14. ಎರಡೂ ಮಂಕೇ, 60 ವ್ಯಾಟಿನದು ಸ್ವಲ್ಪ ಕಡಿಮೆ ಮಂಕು.

ನಿಜವಾಗಿ ಜೋಡಿಸಿದಾಗ ವ್ಯತ್ಯಾಸ ಇನ್ನೂ ಜಾಸ್ತಿ ಕಾಣುತ್ತದೆ. ಒಳಗಿರುವುದು ಟಂಗ್‌ಸ್ಟನ್ ತಂತಿ, ಅದು ಕಾದಷ್ಟೂ ರೋಧ ಏರುತ್ತದೆ. ತಣ್ಣಗಿರುವಾಗಿನ ರೋಧ, ಉರಿಯುವಾಗಿನದರ ಹತ್ತನೇ ಒಂದು ಪಾಲೂ ಇರುವುದಿಲ್ಲ. 100 ವ್ಯಾಟಿನ ತಂತಿ ದಪ್ಪ. ಅಷ್ಟು ಕಡಿಮೆ ಕರೆಂಟಿನಲ್ಲಿ ಅದು ಸರಿಯಾಗಿ ಕಾಯುವುದೇ ಇಲ್ಲ. ಕಾಯದಿದ್ದರೆ ರೋಧ ಏರುವುದಿಲ್ಲ, ರೋಧ ಏರದಿದ್ದರೆ ವೋಲ್ಟೇಜಿನ ಪಾಲು ಇನ್ನೂ ಕುಗ್ಗುತ್ತದೆ. ಕೊನೆಗೆ ಅದು ಕೆಂಪಗೆ ಮಿಣುಕುತ್ತದೆ, ಅಷ್ಟೆ.

ಎಲ್‌ಇಡಿ ಬಲ್ಬುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವುಗಳೊಳಗೆ ಕರೆಂಟನ್ನು ಹದ ಮಾಡುವ ಸಣ್ಣ ಸರ್ಕ್ಯೂಟ್ ಇರುತ್ತದೆ. ಇನ್ನೊಂದು ಮಾತು: ಮನೆಯ ಕರೆಂಟಿನಲ್ಲಿ ಸುಮ್ನೆ ಪರೀಕ್ಷೆಗೆ ಇಳಿಯಬೇಡಿ, ಜೀವಕ್ಕೆ ಅಪಾಯ. ಒಂದೇ ವೋಲ್ಟೇಜಿನ, ಬೇರೆ ಬೇರೆ ವ್ಯಾಟಿನ ಎರಡು ಟಾರ್ಚ್ ಬಲ್ಬು, ಒಂದೆರಡು ಸೆಲ್ ಇದ್ದರೆ ಇದನ್ನೇ ಕಣ್ಣಾರೆ ನೋಡಬಹುದು.

ರಿಪೇರಿ ಮಾಡುವವರ ಮೇಜಿನ ಮೇಲೆ ಇದೇ ಗುಣ ದಿನವೂ ಕೆಲಸಕ್ಕೆ ಬರುತ್ತದೆ. ಅವರ ಹತ್ತಿರ ಸೀರೀಸ್ ಬೋರ್ಡ್ ಇರುತ್ತದೆ: ಒಂದು ಬಲ್ಬು, ಅದರ ಜೊತೆ ಸೀರೀಸ್‌ನಲ್ಲಿ ಒಂದು ಸಾಕೆಟ್. ಕೆಟ್ಟ ಉಪಕರಣವನ್ನು ಆ ಸಾಕೆಟ್ಟಿಗೆ ಚುಚ್ಚುತ್ತಾರೆ. ಒಳಗೆ ಶಾರ್ಟ್ ಆಗಿದ್ದರೆ ಅದರ ರೋಧ ಹೆಚ್ಚುಕಡಿಮೆ ಸೊನ್ನೆ, ಆಗ 230 ವೋಲ್ಟೂ ಬಲ್ಬಿನ ಪಾಲಾಗುತ್ತದೆ. ಬಲ್ಬು ಪೂರ್ತಿ ಬೆಳಗುತ್ತದೆ, ಫ್ಯೂಸ್ ಹಾಗೇ ಉಳಿಯುತ್ತದೆ.