ಎಐ ಬಂದರೆ ಡ್ರೈಯರ್‌ನ ಕಂಟ್ರೋಲರ್ ತೆಗೆಸಬೇಕಾ?

"ಸಾರ್, ಕಾಫಿ ಡ್ರೈಯರ್‌ಗೆ ಎಐ ಹಾಕಿಸ್ತಾ ಇದ್ದೀನಿ. ಈಗಿರೋ ಕಂಟ್ರೋಲರ್ ತೆಗೆಸಿಬಿಡಲಾ?"

ಈ ಸಲ ಮೂಡಿಗೆರೆಯಿಂದ ಬಂದಿದೆ. ಆಲ್ದೂರು, ಸಕಲೇಶಪುರದವರೂ ಇದನ್ನೇ ಕೇಳಿದ್ದರು. ಉತ್ತರ ಬರೆದು ಬರೆದು ಸಾಕಾಗಿದೆ. ತೆಗೆಸಬೇಡಿ.

ಎಐ ಬಂದರೆ ಕಂಟ್ರೋಲರ್‌ಗೆ ಕೆಲಸವಿಲ್ಲ ಅನ್ನೋ ಮಾತು ಎಲ್ಲಿಂದ ಹಬ್ಬಿತೋ! ಎರಡರ ಕೆಲಸವೇ ಬೇರೆ. ಬಿಸಿಗಾಳಿ 40 ಡಿಗ್ರಿಗೆ ಇಟ್ಟಿದ್ದೀರಿ ಅಂದುಕೊಳ್ಳಿ. ಶಾಖ ಅಲ್ಲೇ ನಿಲ್ಲುವಂತೆ ತಿದ್ದುತ್ತಿರುವುದು ಕಂಟ್ರೋಲರ್. ಅದು ನೋಡುವುದು ಮೂರೇ ಸಂಗತಿ. ಈಗ ಎಷ್ಟು ತಪ್ಪಿದೆ, ಇಲ್ಲಿವರೆಗೆ ಒಟ್ಟು ಎಷ್ಟು ತಪ್ಪಿದೆ, ತಪ್ಪು ಎಷ್ಟು ಬೇಗ ಏರಿಳಿಯುತ್ತಿದೆ. ಪಿಐಡಿ ಅನ್ನುವುದು ಇದಕ್ಕೇ. ಹಡಗಿನ ಚುಕ್ಕಾಣಿ ಹಿಡಿದವರ ಕೈಚಳಕ ಗಮನಿಸಿ ನಿಕೊಲಾಸ್ ಮಿನೊರ್ಸ್ಕಿ 1922ರಲ್ಲೇ ಇದನ್ನು ಲೆಕ್ಕಕ್ಕೆ ಇಳಿಸಿದರು. ನೂರು ವರ್ಷ ದಾಟಿದರೂ ಕಾರ್ಖಾನೆಗಳಲ್ಲಿ ಇದೇ ಜಾಸ್ತಿ. ಯಾಕೆಂದರೆ ಇದು ಹೇಗೆ ನಡೆದುಕೊಳ್ಳುತ್ತದೆ ಅಂತ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಬಹುದು. ಕ್ಲಾಸಿನಲ್ಲಿ ಆ ಲೆಕ್ಕ ಬಿಡಿಸುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಎಐ ಕಲಿಯುವುದು ಕಂಡದ್ದರಿಂದ. ಕೊಯ್ಲಿನ ಮಧ್ಯೆ ಅಕಾಲ ಮಳೆ ಸುರಿದು, ಕರೆಂಟೂ ಕೈಕೊಟ್ಟ ದಿನವನ್ನು ಅದು ಕಂಡಿಲ್ಲದಿದ್ದರೆ? ಆಗ ಏನು ಹೇಳುತ್ತದೋ, ಖಾತ್ರಿ ಕೊಡುವುದು ಕಷ್ಟ.

ಹಾಗಂತ ಎಐ ದಂಡ ಅಲ್ಲ. ಎಷ್ಟು ಡಿಗ್ರಿ ಇಡಬೇಕು, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದ ಕಾಫಿ ಬೀಜ) 10 ಪರ್ಸೆಂಟ್ ತೇವಕ್ಕೆ ಯಾವಾಗ ಇಳಿಯುತ್ತದೆ ಅನ್ನುವ ಅಂದಾಜಿಗೆ ಅದು ಒಳ್ಳೆಯದು. ತೋಟದಲ್ಲಿ ಪಳಗಿದ ರೈಟರ್ ಇದ್ದ ಹಾಗೆ. ಹೇಳುವುದು ರೈಟರ್, ಮಾಡಿಸುವುದು ಮೇಸ್ತ್ರಿ. ಆ ಮೇಸ್ತ್ರಿಯೇ ಕಂಟ್ರೋಲರ್. ಗೂಗಲ್ 2018ರಲ್ಲಿ ಡೇಟಾ ಸೆಂಟರ್ ತಂಪಿಡುವ ಕೆಲಸವನ್ನು ಎಐಗೆ ಒಪ್ಪಿಸಿದ್ದೂ ಹೀಗೇ. 5 ನಿಮಿಷಕ್ಕೊಮ್ಮೆ ಎಐ ಲೆಕ್ಕ ಹಾಕುತ್ತದೆ. ಅದು ಹೇಳಿದ್ದು ಮಿತಿಯೊಳಗಿದೆಯಾ ಅಂತ ಅಲ್ಲಿನ ಕಂಟ್ರೋಲ್ ಸಿಸ್ಟಂ ನೋಡಿದ ಮೇಲೆಯೇ ಜಾರಿ.

ಇನ್ನೊಂದು. ಸೆನ್ಸರ್ ಮೇಲೆ ಸಿಪ್ಪೆಯ ಧೂಳು ಕೂತಿದ್ದರೆ ಎಐಗೂ ಸುಳ್ಳು ಲೆಕ್ಕವೇ ಸಿಗುವುದು. ಮೊದಲು ಅದನ್ನು ಒರೆಸಿ.

ನೆಟ್‌ವರ್ಕ್ ಹೋದರೆ ಎಐ ಏನು ಮಾಡುತ್ತದೆ ಅಂತ ನೀವು ಕೇಳಿಲ್ಲ. ಮಲೆನಾಡಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು, ಅಲ್ವಾ? ನಮ್ಮ ಹಾಸನದ ಎಂಸಿಎಫ್, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ನೋಡಿ. 1982ರಿಂದ ಇಸ್ರೋ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಿದ್ದಾರೆ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಸಿಗ್ನಲ್ ಹೋಗಿ ಬರಲು ಕಾಲು ಸೆಕೆಂಡ್ ಬೇಕು. ಉಪಗ್ರಹ ತನ್ನ ಜಾಗದಿಂದ ಎಷ್ಟು ಸರಿದಿದೆ, ಅದನ್ನು ತಳ್ಳುವ ಪುಟ್ಟ ಎಂಜಿನ್ (ಥ್ರಸ್ಟರ್) ಯಾವಾಗ ಉರಿಸಬೇಕು ಅನ್ನುವುದು ಹಾಸನದಲ್ಲಿ ತೀರ್ಮಾನ. ಆದರೆ ಆಂಟೆನಾ ಭೂಮಿಯ ಕಡೆಗೇ ಇರುವಂತೆ ಕ್ಷಣಕ್ಷಣಕ್ಕೂ ತಿದ್ದುವ ಕಂಟ್ರೋಲರ್ ಉಪಗ್ರಹದ ಒಳಗೇ ಕೂತಿದೆ. ಸಂಪರ್ಕ ತಪ್ಪಿದರೂ ಅದರ ಕೆಲಸ ನಿಲ್ಲುವುದಿಲ್ಲ. ನೆಟ್‌ವರ್ಕ್ ಹೋದಾಗ ನಿಮ್ಮ ಡ್ರೈಯರ್ ನೋಡಿಕೊಳ್ಳುವುದೂ ಅಲ್ಲೇ ಇರುವ ಕಂಟ್ರೋಲರ್. ಅದಕ್ಕೇ ತೆಗೆಸಬೇಡಿ ಅಂದದ್ದು.